ಚಕ್ಕಡಿಗೆ ಗ್ವಾಡಿ ಇರಲಿಲ್ಲ

ಹೋದ ವರ್ಷ ಭಾರತ ಹುಣ್ಣಿಮಿಗೆ ಮನೆಮಂದಿ ಎಲ್ಲ ಕೂಡಿ ಕ್ರೂಸರ್ ಗಾಡಿ ಮಾಡಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದೆವು. ನಸುಕಿನಾಗ ಬಿಟ್ಟವರು ಮಧ್ಯಾಹ್ನದ ಒಳಗ ಜೋಗುಳಬಾವಿಯಲ್ಲಿ ಮೈ ತೊಳೆದುಕೊಂಡಿದ್ದೆವು. ಮೊಮ್ಮಗ ದಾರಿ ತುಂಬ ಮಲಗಿದ್ದ. ಒಮ್ಮೆ ಎಚ್ಚರಾದಾಗ, "ಮುತ್ಯಾ, ನೀ ಸಣ್ಣಾಂವ ಇದ್ದಾಗ ಎಷ್ಟೊತ್ತಿಗೆ ಮುಟ್ಟತಿದ್ರಿ?" ಅಂತ ಕೇಳಿದ. "ಎಂಟು ದಿನಕ್ಕ" ಅಂದೆ. ನಾನು ಚ್ಯಾಷ್ಟಿ ಮಾಡಾಕತ್ತೀನಿ ಅಂತ ತಿಳಿದು ನಕ್ಕು ಮತ್ತ ಮಲಗಿದ.

ಆ ಎಂಟು ದಿನದ ಒಳಗಿನ ಒಂದು ರಾತ್ರಿ ನನ್ನ ತಲಿಯೊಳಗ ಐವತ್ತು ವರ್ಷದಿಂದ ಕುಂತದ. ಅದರ ಜೋಡಿ ಒಂದು ಪ್ರಶ್ನೆಯೂ ಕುಂತದ. ಮನೆಯ ಯಜಮಾನ ಹಸಿದವರಿಗೆ ಊಟ ಹಾಕಿದರೆ ಊರು ಅವನನ್ನು ಹೊಗಳುತ್ತದೆ. ಆದರೆ ಆ ಊಟದ ಸಲುವಾಗಿ ಒಳಗೆ ಒಬ್ಬರು ಉಪವಾಸ ಉಳಿದಿದ್ದರೆ ಆ ಧರ್ಮ ಯಾರದು? ನಾನು ಏಳನೇತ್ತ ಕಲಿತವನು, ಶಾಸ್ತ್ರ ಓದಿದವನಲ್ಲ. ಮಾಸ್ತರ ಮಂದಿ ಓದುವಾಗ ತಪ್ಪಿದ್ದಲ್ಲಿ ತಿದ್ದಿಕೊಳ್ಳಬೇಕು.

1972ರ ಬರ ನಮ್ಮ ಜತ್ತ ಸೀಮಿಯೊಳಗ ಹೆಂಗಿತ್ತು ಅನ್ನೂದು ಹಿರೇರಿಗೆ ಹೇಳೂದು ಬ್ಯಾಡ. ಖಡಿ ಒಡೆಯುವ ಸರಕಾರಿ ಕೆಲಸ, ಹುಡುಗರಿಗೆ ಸುಕಡಿ, ಪರದೇಶದಿಂದ ಬಂದ ಕೆಂಪು ಮಿಲೋ ಜೋಳ. ಆ ಜೋಳದ ರೊಟ್ಟಿ ಬಡಿದರೆ ಒಡಕೊಂಡು ಹೋಗುತ್ತಿತ್ತು. ಊರಾಗ ಎಷ್ಟೋ ಮಂದಿ ಎತ್ತು ಮಾರಿದರು, ಮಾರದವರ ಎತ್ತು ಸತ್ತವು. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, "ಎತ್ತು ಉಳಿಸಿದರ ಅವೇ ಎತ್ತು ಹೂಡಿಕೊಂಡು ನಿನ್ನ ಗುಡ್ಡಕ್ಕ ಬರತೀನಿ" ಅಂತ ಎಲ್ಲಮ್ಮಗ ಬೇಡಿಕೊಂಡಳು. ಎತ್ತು ಉಳಿದವು. ಮುಂದಿನ ವರ್ಷ ಮಳಿ ಆತು. ಹಿಂಗಾರಿ ಜೋಳ ತೆನಿ ಹಿಡಿದ ಮ್ಯಾಲೆ, 1974ರ ಭಾರತ ಹುಣ್ಣಿಮಿಗೆ, ನಮ್ಮ ಓಣಿಯಿಂದ ಐದು ಚಕ್ಕಡಿ ಹೊರಟವು. ನನಗೆ ಹದಿಮೂರು ವರ್ಷ.

ಚಕ್ಕಡಿಗೆ ಬಿದಿರಿನ ಕಮಾನು ಕಟ್ಟಿ ಮ್ಯಾಲೆ ತಟ್ಟು ಹೊದಿಸಿದ್ದರು. ಒಳಗ ಕಣಿಕಿ ಹಾಸಿ ಅದರ ಮ್ಯಾಲೆ ಕೌದಿ. ಅಚ್ಚಿನ ಕೆಳಗ ಕಂದೀಲು, ಎಣ್ಣಿಗೊಟ್ಟ, ಹಿಂದ ನೀರಿನ ಕೊಡ. ಆಯಿ, ಅಪ್ಪ, ಅವ್ವ, ಇಬ್ಬರು ಅಕ್ಕಂದಿರು, ನಾನು, ಮೊಲಿ ಬಿಡದ ತಮ್ಮ. ಹೊರಡುವ ಮೊದಲು ಅವ್ವ, ಕಾಕಿ ಕೂಡಿ ನಾಲ್ಕು ದಿನ ಕಡಕ್ ರೊಟ್ಟಿ ಬಡಿದಿದ್ದರು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ, ಬ್ಯಾಳಿ, ಹೋಳಿಗಿ ಮಾಡಾಕ ಗೋದಿ ಹಿಟ್ಟು, ಬೆಲ್ಲ. ಎಲ್ಲ ತೂಕ ಹಾಕಿದಂಗ ಕಟ್ಟಿದ್ದು. ಒಂದು ಸುಗ್ಗಿ ಬಂದಿತ್ತಲ್ಲ ಅಂತ ನೀವು ಅಂದೀರಿ. ಒಂದು ಸುಗ್ಗಿಯಿಂದ ಬರದ ಸಾಲ ತೀರೂದಿಲ್ಲ.

ಅಥಣಿ ದಾಟಿ, ಕೃಷ್ಣಾ ದಾಟಿ, ಮುಂದ ಘಟಪ್ರಭಾ, ಆಮ್ಯಾಲೆ ಯರಗಟ್ಟಿ. ನೂರೈವತ್ತು ಕಿಲೋಮೀಟರಿಗೆ ಕಮ್ಮಿಯಿಲ್ಲದ ದಾರಿ. ಕೆಲವು ಕಡೆ ಹರದಾರಿಗಟ್ಟಲೆ ಎರಿ ಹೊಲ ಬಿಟ್ಟರೆ ಒಂದು ಗಿಡ ಇಲ್ಲ, ಒಂದು ದೀಪ ಇಲ್ಲ. ಎತ್ತಿಗೆ ಬಿಸಲು ಬಡಿಯಬಾರದು ಅಂತ ನಸುಕಿನಾಗ, ಸಂಜಿಮುಂದ ನಡೆಯುತ್ತಿದ್ದೆವು, ನಡು ಮಧ್ಯಾಹ್ನ ಬಾವಿ ಇದ್ದಲ್ಲಿ ಕೊಳ್ಳ ಹರಿಯುತ್ತಿದ್ದೆವು. ಹುಣ್ಣಿಮಿಗೆ ಹೋಗುವ ದಾರಿ ಇದು, ಅದಕ್ಕ ದಿನದಿನಕ್ಕ ಬೆಳದಿಂಗಳು ಹೆಚ್ಚಾಗತಿತ್ತು. ಮೊದಲ ರಾತ್ರಿ ಎತ್ತಿನ ಕೋಡು ಸೈತ ಕಾಣತಿರಲಿಲ್ಲ. ನಾಲ್ಕನೇ ಐದನೇ ರಾತ್ರಿಗೆ ಮಂದಿ ಮುಖ ಗುರ್ತು ಹಿಡಿಯಬಹುದಿತ್ತು.

ಮನಿಯೊಳಗ ನಮ್ಮ ಬಾಳೆ ಹೆಂಗಿತ್ತು ಅನ್ನೂದನ್ನ ಇಲ್ಲಿ ಹೇಳಬೇಕು. ಪಡಸಾಲ್ಯಾಗ ಗಂಡಸರ ಊಟ. ಒಳಗ ಅಡಗಿ ಮನಿ, ನಡುವ ದಪ್ಪನ್ನ ಮಣ್ಣಿನ ಗ್ವಾಡಿ. ಅಪ್ಪ ಉಂಡು ಎದ್ದ ಮ್ಯಾಲೆ ನಾವು, ನಾವು ಎದ್ದ ಮ್ಯಾಲೆ ಆಯಿ. ಅವ್ವ ಯಾವಾಗ ಉಣ್ಣತಿದ್ದಳು, ಏನು ಉಣ್ಣತಿದ್ದಳು, ನಾನು ಒಂದು ದಿವಸವೂ ನೋಡಿರಲಿಲ್ಲ. ಖರೇ ಹೇಳಬೇಕಂದ್ರ, ಅವ್ವ ಉಣ್ಣತಾಳ ಅನ್ನುವ ವಿಚಾರವೇ ನನಗೆ ಬಂದಿರಲಿಲ್ಲ. ಬಾವಿಗೆ ಯಾರು ನೀರು ಹಾಕತಾರ ಅಂತ ಹುಡುಗರು ಕೇಳತಾರೇನು?

ಅಪ್ಪ ಊರಾಗ ಹೆಸರಾದ ಮನಶಾ. ದಾರಿ ಹಿಡಿದು ಹೋಗುವ ಜಂಗಮ ಇರಲಿ, ಗೊಂಧಳಿ ಇರಲಿ, ಕುರಿ ಕಾಯುವ ಹಾಲುಮತದವರಿರಲಿ, ಊಟದ ಹೊತ್ತಿಗೆ ಕಂಡರೆ ಸಾಕು, "ಬರ್ರಿ, ಉಣ್ಣಾಕ ಕುಂದರ್ರಿ" ಅಂತಿದ್ದ. ಬರಗಾಲದಾಗೂ ಅಂದಿದ್ದಾನ. ಅವನ ಹೆಸರಿನ ಬಲದ ಮ್ಯಾಲೆ ನಾನೂ ಓಣ್ಯಾಗ ಎದಿ ಉಬ್ಬಿಸಿ ತಿರುಗಿದ್ದೀನಿ.

ಕೃಷ್ಣಾ ದಾಟಿದ ಮ್ಯಾಲಿನ ರಾತ್ರಿ ಒಂದು ಹಾಳು ಬಾವಿ ಹತ್ತಿರ ಚಕ್ಕಡಿ ನಿಲ್ಲಿಸಿದ್ದೆವು. ನಮ್ಮ ಮುಂದ ಬ್ಯಾರೆ ಯಾವದೋ ಊರಿನ ಒಂದು ಚಕ್ಕಡಿ ಅಚ್ಚು ಮುರಿದು ಬಿದ್ದಿತ್ತು. ಗಂಡ, ಹೆಂಡತಿ, ಮುದುಕಿ, ಮೂರು ಮಕ್ಕಳು. ಬಡಿಗ್ಯಾರನ್ನ ಕರಕೊಂಡು ಬರಾಕ ಹೋದ ಅವರ ಅಣ್ಣ ಎರಡು ದಿನಾ ಆದರೂ ಬಂದಿರಲಿಲ್ಲ. ಕಟ್ಟಿಕೊಂಡ ಬುತ್ತಿ ಮುಗಿದಿತ್ತು. ಉಳಿದ ನಾಲ್ಕು ಚಕ್ಕಡಿಯವರು ಒಂದೊಂದು ರೊಟ್ಟಿ ಕೊಟ್ಟು ಕೈ ತೊಳಕೊಂಡರು. ಅಪ್ಪ ಮಾತ್ರ ಆರೂ ಮಂದಿಯನ್ನ ಕರೆದು ಕೂಡಿಸಿದ. "ಏ, ರೊಟ್ಟಿ ತಗೊಂಬಾ. ಇನ್ನೆರಡು ಹಾಕು. ಹುಡುಗರಿಗೆ ಹಾಕು" ಅಂತ ಕುಂತಲ್ಲಿಂದ ಹೇಳತಿದ್ದ. ರೊಟ್ಟಿ ಬುಟ್ಟಿ ಹಿಡಿದವನು ನಾನು. ಬುಟ್ಟಿಯ ತಳ ಕೈಗೆ ಹತ್ತತಿತ್ತು. ಮುದುಕಿ ಉಂಡು ಅಪ್ಪನ ತಲಿ ಮ್ಯಾಲೆ ಕೈ ಇಟ್ಟು, "ಧರ್ಮರಾಯ ಇದ್ದಂಗ ಇದ್ದಿ ನನ್ನಪ್ಪಾ" ಅಂದಳು.

ಎಲ್ಲರೂ ಅಡ್ಡಾದ ಮ್ಯಾಲೆ ಎತ್ತಿಗೆ ಕಣಿಕಿ ಹಾಕಿ ಬಾ ಅಂತ ಅಪ್ಪ ನನ್ನ ಕಳಿಸಿದ. ಹಾಕಿ ಆ ಕಡೆಯಿಂದ ಸುತ್ತಿ ಬಂದೆ. ಚಕ್ಕಡಿ ಗಾಲಿಯ ನೆಳ್ಳಿನೊಳಗ ಅವ್ವ ಕುಂತಿದ್ದಳು. ಬುಟ್ಟಿಯ ತಳದಾಗ ಉಳಿದ ರೊಟ್ಟಿ ಚೂರು ಚರಿಗಿಯೊಳಗ ಹಾಕಿ, ನೀರು ಹಾಕಿ, ಉಪ್ಪು ಖಾರ ಕಲಿಸಿ ಉಣ್ಣಾಕತ್ತಿದ್ದಳು. ಒಂದು ತೊಡಿ ಮ್ಯಾಲೆ ತಮ್ಮ ಮೊಲಿ ಕುಡೀತಿದ್ದ. ಚೂರು ಎಷ್ಟಿದ್ದವು ಅಂದ್ರ, ಎರಡು ಕೈ ಕೂಡಿಸಿದರ ಬೊಗಸಿ ತುಂಬುತಿರಲಿಲ್ಲ.

ನನ್ನ ನೋಡಿ ಆಕಿ ತಟ್ಟನೆ ಬೆನ್ನು ತಿರುವಿದಳು. "ದೊಡ್ಡವರ ತಾಟು ನೋಡಬಾರದು. ಹೋಗು, ಮಲಗು" ಅಂದಳು. ಸಿಟ್ಟಿನ ಧ್ವನಿ ಅಲ್ಲ. ಏನೋ ಕದಿಯುವಾಗ ಸಿಕ್ಕವರ ಧ್ವನಿ.

ಮರುದಿನ ನನ್ನ ಪಾಲಿನ ರೊಟ್ಟಿಯೊಳಗ ಒಂದು ಅಂಗಿಯೊಳಗ ಮುಚ್ಚಿಟ್ಟೆ. ಸಂಜಿಮುಂದ ಆಕಿಗೆ ಕೊಟ್ಟೆ. ಆಕಿ ಅದನ್ನ ತಗೊಂಡು ಬುಟ್ಟಿಗೆ ಹಾಕಿ, "ನೀ ಉಣ್ಣಲಿಲ್ಲಾ? ಎಣಿಸಿ ಇಟ್ಟಿರತೀನಿ, ಲೆಕ್ಕ ತಪ್ಪಿಸಬ್ಯಾಡ" ಅಂದಳು. ಅವತ್ತು ನನಗೆ ತಿಳಿದದ್ದು ಇದು: ನಮ್ಮ ಮನಿಯೊಳಗ ಲೆಕ್ಕ ಗೊತ್ತಿದ್ದವಳು ಒಬ್ಬಳೇ, ಹೆಸರು ಬಂದದ್ದು ಲೆಕ್ಕ ಗೊತ್ತಿಲ್ಲದವನಿಗೆ.

ಅಪ್ಪನನ್ನ ಕೆಟ್ಟವನು ಅಂತ ಬರೆದರ ಸುಳ್ಳಾಗತದ. ಅದೇ ದಾರಿಯೊಳಗ ಅವನನ್ನೂ ನೋಡಿದ್ದೀನಿ. ಏರು ಬಂದಲ್ಲೆಲ್ಲ ಆಯಿಯೊಬ್ಬಳನ್ನ ಬಿಟ್ಟು ಎಲ್ಲರನ್ನೂ ಇಳಿಸಿ, ತಾನು ಗಾಲಿಗೆ ಹೆಗಲು ಕೊಡತಿದ್ದ. ಎಡಗಡೆ ಎತ್ತಿನ ಹೆಗಲು ಕೆತ್ತಿ ಹುಣ್ಣಾದಾಗ ತನ್ನ ಪಟಕಾ ಹರಿದು ನೊಗಕ್ಕ ಸುತ್ತಿದ, ಉಳಿದ ದಾರಿ ಪೂರಾ ಚಕ್ಕಡಿ ಹತ್ತಲಿಲ್ಲ, ನಡದ. ಎತ್ತಿನ ಹೆಗಲಿನ ಹುಣ್ಣು ಅವನಿಗೆ ಕಂಡಿತು. ಅವ್ವನ ಬೊಗಸಿ ಕಾಣಲಿಲ್ಲ. ಯಾಕ ಕಾಣಲಿಲ್ಲ ಅಂದ್ರ, ಉಣ್ಣುವಾಗ ಅವನು ಬುಟ್ಟಿಗೆ ಬೆನ್ನು ಮಾಡಿ ಕುಂದರತಿದ್ದ. ಗಂಡಸರು ಹಂಗೇ ಕುಂದರೂದು, ಹಂಗೇ ಕಲಿಸಿದ್ದು. "ಗೊತ್ತಿರಲಿಲ್ಲ" ಅನ್ನೂದು ಒಂದು ಉತ್ತರ ಹೌದು. ಆದರ ಗೊತ್ತಾಗದಂಗ ಕುಂದರೂದನ್ನ ಯಾರು ಕಲಿಸಿದರು, ಅದು ಯಾರಿಗೆ ಅನುಕೂಲ ಆತು, ಅಲ್ಲಿಗೆ ಬಂದು ನನ್ನ ಮಾತು ನಿಲ್ಲತದ.

ನನ್ನದು ಇದಕ್ಕಿಂತ ದೊಡ್ಡ ತಪ್ಪು. ಅಪ್ಪ ನೋಡಲಿಲ್ಲ, ನಾನು ನೋಡಿದೆ. ನೋಡಿ ಮರೆತೆ.

ಗುಡ್ಡದಿಂದ ತಿರುಗಿ ಬರುವಾಗ ಬೆಳದಿಂಗಳು ದಿನದಿನಕ್ಕ ಕಮ್ಮಿಯಾಗತಾ ಬಂತು. ಊರು ಮುಟ್ಟಿದೆವು, ಮನಿ ಹೊಕ್ಕೆವು, ಗ್ವಾಡಿ ಮತ್ತ ನಡುವ ಬಂತು. ಒಂದು ವಾರ ಅಡಗಿ ಮನಿ ಕಡೆ ಹಣಿಕಿ ಹಾಕಿ ನೋಡಿದೆ. ಆಮ್ಯಾಲೆ ನೋಡೂದನ್ನ ಬಿಟ್ಟೆ. ನೋಡದಿದ್ದರ ರೊಟ್ಟಿ ರುಚಿ ಹತ್ತತಿತ್ತು, ಅಷ್ಟೇ ಕಾರಣ.

ಮುಂದ ನಾನು ಹಾಡಿನ ಮೇಳಕ್ಕ ಬಿದ್ದೆ. ಹುಲಜಂತಿ ಮಾಳಿಂಗರಾಯನ ಜಾತ್ರಿಗೆ, ಅಕ್ಕಲಕೋಟ ಕಡೆ, ಅಥಣಿ ಕಡೆ, ಡೊಳ್ಳಿನ ಪದ ಹಾಡಾಕ ಕರದಲ್ಲಿ ಹೋದೆ. ನಡುರಾತ್ರಿ ಎಂಟು ಹತ್ತು ಮಂದಿ ಮೇಳದವರನ್ನ ಕಟ್ಟಿಕೊಂಡು ಮನಿಗೆ ಬಂದು, "ಎಲ್ಲರಿಗೂ ರೊಟ್ಟಿ ಬಡಿ" ಅಂತ ಹೆಂಡತಿಯನ್ನ ಎಬ್ಬಿಸಿದ್ದೀನಿ. ಒಮ್ಮೆ ಅಲ್ಲ, ವರ್ಷಾನುಗಟ್ಟಲೆ. "ನಮ್ಮ ಹಾಡುಗಾರಂದು ದೊಡ್ಡ ಕೈ" ಅಂತ ಹೆಸರಾತು. ಅಪ್ಪನ ಹೆಸರು ಉಳಿಸಿದೆ ಅಂತ ನಾನೂ ಖುಷಿಯಾಗಿದ್ದೆ. ಹದಿಮೂರನೇ ವರ್ಷದ ಆ ರಾತ್ರಿ ಎಲ್ಲಿ ಹೋಗಿತ್ತು ಅಂತ ಕೇಳಿದರ ನನ್ನ ಹತ್ತಿರ ಜವಾಬಿಲ್ಲ.

ಇನ್ನೊಂದು ನಾಚಿಕಿಯ ಮಾತು. 'ಕೆರೆಗೆ ಹಾರ' ಹಾಡನ್ನ ನಾನು ಮೂವತ್ತು ವರ್ಷ ಹಾಡೀನಿ. ಕಲ್ಲನಕೇರಿ ಮಲ್ಲನಗೌಡ ಕೆರಿ ಕಟ್ಟಿಸತಾನ, ನೀರು ಬರೂದಿಲ್ಲ, ಕಿರಿ ಸೊಸಿ ಭಾಗೀರತಿಯನ್ನ ಆಹಾರ ಕೊಡತಾರ, ನೀರು ತುಂಬತದ. ಕೇಳಿದ ಹೆಣ್ಣುಮಕ್ಕಳು ಸೆರಗು ಕಣ್ಣಿಗೆ ಒತ್ತಿಕೊಳ್ಳತಿದ್ದರು, ಗಂಡಸರು ನನಗೆ ನೋಟು ಆಯಾರ ಮಾಡತಿದ್ದರು. ಕೆರಿ ಗೌಡಂದು, ನೀರು ಊರಿಂದು, ಜೀವ ಯಾರದು? ಇದು ನನ್ನ ಅವ್ವನ ಬೊಗಸಿ ಲೆಕ್ಕವೇ ಅಂತ ಹಾಡುವವನಿಗೇ ಹೊಳೀಲಿಲ್ಲ. ಧ್ವನಿ ಎಲ್ಲಿ ಏರಿಸಬೇಕು ಅನ್ನೂದು ಮಾತ್ರ ಗೊತ್ತಿತ್ತು.

ಎರಡನೇ ಸಲ ನನ್ನ ಕಣ್ಣು ತೆರೆದದ್ದೂ ಚಕ್ಕಡಿಯೇ. 2003ರಾಗ ಮತ್ತ ಬರ. ಉಚಲ್ ತಗೊಂಡು, ಎತ್ತು ಹೂಡಿಕೊಂಡು, ನಾನು ಹೆಂಡತಿ ಇಬ್ಬರೂ ಕೃಷ್ಣಾ ದಂಡಿಗೆ ಕಬ್ಬು ಕಡಿಯಾಕ ಹೋದೆವು. ಕಬ್ಬಿನ ಕೆಲಸದಾಗ ಗಂಡ ಹೆಂಡತಿ ಕೂಡಿದರೆ ಒಂದು ಕೊಯ್ತಾ ಅಂತ ಎಣಿಸತಾರ. ಎರಡು ಜೀವ, ಒಂದು ಕುಡುಗೋಲು. ರೊಕ್ಕ ಬರೂದು ಗಂಡನ ಕೈಗೆ. ಗುಡಸಲ ಅಂದ್ರ ಕಬ್ಬಿನ ಸ್ವಾಗಿ ಹೊದಿಸಿದ್ದು, ಅದಕ್ಕ ಒಳಗ ಹೊರಗ ಅಂತ ಭೇದ ಇಲ್ಲ. ನಸುಕಿನ ಮೂರಕ್ಕ ಎದ್ದು ಒಲಿ ಹಚ್ಚಾಕಿ ಆಕಿ, ದಿನಾ ಹೊತ್ತು ನನ್ನ ಸರಿಸಮ ಕಡಿಯಾಕಿ ಆಕಿ, ಕಬ್ಬಿನ ಹೊರಿ ತಲಿ ಮ್ಯಾಲೆ ಹೊತ್ತು ಗಾಡಿಗೆ ಒಟ್ಟಾಕಿ ಆಕಿ, ರಾತ್ರಿ ನಾನು ಎತ್ತಿಗೆ ನೀರು ತೋರಿಸಿ ಬಂದು ಕಾಲು ಚಾಚಿದಾಗ ಮತ್ತ ಒಲಿ ಮುಂದ ಕುಂದರಾಕಿ ಆಕಿ. ಗ್ವಾಡಿ ಇಲ್ಲದ್ದಕ್ಕ ಎಲ್ಲ ಕಂಡಿತು. ಬೇಡ ಅಂದ್ರೂ ಕಂಡಿತು.

ದಾರಿಯ ಬಾಳೆಯನ್ನ ಚಂದ ಮಾಡಿ ಹೇಳೂದು ಹಾಡುಗಾರರ ಚಟ. ಬೆಳದಿಂಗಳು, ಎತ್ತಿನ ಗೆಜ್ಜಿ, ಎಲ್ಲರೂ ಒಂದೇ ಕೌದ್ಯಾಗ. ಜಾತ್ರಿಗೆ ಹೋದವನಿಗೆ ಅದು ಖರೇ, ಯಾಕಂದ್ರ ಅವನಿಗೆ ತಿರುಗಿ ಬರಾಕ ಮನಿ ಇರತದ. ದೀಪಾವಳಿಗೆ ಹೋಗಿ ಯುಗಾದಿಗೆ ಬರುವ ಕಬ್ಬಿನ ಮಂದಿಯ ಹುಡುಗರು ಸಾಲಿ ಬಿಟ್ಟು ಗಾಡಿ ಕೆಳಗ ಮಲಗೂದನ್ನ ನೋಡಿದ ಮಾಸ್ತರರಿಗೆ ಗೆಜ್ಜಿ ಸಪ್ಪಳ ಕೇಳಸೂದಿಲ್ಲ. ನಾನು ಹೇಳೂದು ಇಷ್ಟೇ, ಮನಿ ಮುಚ್ಚಿಟ್ಟದ್ದನ್ನ ದಾರಿ ಬಿಚ್ಚಿ ಇಡತದ.

ಆ ಸಲ ನಾನು ಪೂರಾ ಮರೀಲಿಲ್ಲ. ಊರಿಗೆ ಬಂದ ಮ್ಯಾಲೆ ಅಡಗಿ ಮನಿಗೇ ಹೋಗಿ, ಆಕಿ ಉಣ್ಣುವಾಗ ಎದುರಿಗೆ ಕುಂತೆ. ತಾಟಿನಾಗ ಏನದ ನೋಡಬೇಕು ಅಂತ. ಆಕಿ ಎರಡು ತುತ್ತು ತಿಂದು, "ಎದ್ದು ಹೋಗ್ರಿ ಅತ್ತಾಗ. ನೀವು ಹಿಂಗ ನೋಡಿದರ ನನಗ ಗಂಟಲದಾಗ ಇಳಿಯೂದಿಲ್ಲ. ನಾ ಏನು ಎತ್ತೇನು, ಮೇವು ತಿಂದಾದೋ ಇಲ್ಲೋ ನೋಡಾಕ?" ಅಂದಳು. ನನಗೆ ಅವ್ವ ಬೆನ್ನು ತಿರುವಿದ್ದು ನೆನಪಾತು. ಆ ಗ್ವಾಡಿ ಬರೇ ಗಂಡಸರ ಸಲುವಾಗಿ ಇತ್ತು ಅಂತ ನಾ ತಿಳಿದಿದ್ದೆ. ಅದರ ಹಿಂದ ಅವರದೂ ಒಂದು ಮಾನ ಇತ್ತು. ಕಮ್ಮಿ ಉಂಡದ್ದನ್ನ ಯಾರೂ ನೋಡಬಾರದು ಅನ್ನೂದು. ಹಂಗಾದರ ನೋಡೂದು ಧರ್ಮವೋ, ನೋಡದಂಗ ಇರೂದು ಧರ್ಮವೋ? ಬಹಳ ದಿನ ಈ ಗಂಟು ಬಿಚ್ಚಲಿಲ್ಲ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥಿ ನಮ್ಮ ಭಜನಿಯೊಳಗ ಬರತದ. ಕಲ್ಯಾಣದಾಗ ಚೆಲ್ಲಿದ ಅಕ್ಕಿ ಆಯ್ದು ತಂದು ಗಂಡ ಹೆಂಡತಿ ದಾಸೋಹ ಮಾಡುವವರು. ಒಂದು ದಿವಸ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಪ್ಪಲಿಲ್ಲ, ಹೆಚ್ಚಿನದನ್ನ ತಿರುಗಿ ಕೊಟ್ಟು ಬಾ ಅಂದಳು. ಇದನ್ನ ಎಲ್ಲರೂ ಆಶೆ ಇರಬಾರದು ಅನ್ನೂದಕ್ಕ ಹೇಳತಾರ. ನಾನು ಇನ್ನೊಂದು ನೋಡತೀನಿ. ಆ ಮನಿಯೊಳಗ ದಾಸೋಹದ ಅಳತಿ ಲಕ್ಕಮ್ಮನ ಕೈಯಾಗ ಇತ್ತು. ಮಾರಯ್ಯ ಆಕಿ ಮಾತು ಕೇಳಿದ. ಆಕಿ ತಾಟಿಗೆ ಹಣಿಕಿ ಹಾಕಲಿಲ್ಲ, ಕೊಡುವ ಮೊದಲು ಆಕಿ ಹೇಳಿದ್ದನ್ನ ಕೇಳಿದ. ನಮ್ಮ ಅಪ್ಪ "ಬರ್ರಿ" ಅನ್ನುವ ಮೊದಲು ಒಮ್ಮೆ ಹಿಂದ ತಿರುಗಿ, "ಎಷ್ಟು ಮಂದಿಗೆ ಆಗತದ?" ಅಂತ ಕೇಳಿದ್ದರ ಸಾಕಿತ್ತು. ಅವ್ವ ಇಲ್ಲ ಅಂತಿರಲಿಲ್ಲ. ಆದರೆ ಆ ಧರ್ಮದಾಗ ಆಕಿ ಹೆಸರೂ ಇರತಿತ್ತು.

ಇದನ್ನ ಬರೆಯೂದು ಸಸಾರ. ಹೋದ ವರ್ಷ ಗುಡ್ಡದ ಮ್ಯಾಲೆ ನಡೆದದ್ದನ್ನ ಹೇಳಿ ಮುಗಿಸತೀನಿ.

ಸೊಸಿ ನಸುಕಿನಾಗ ಎದ್ದು ಹೋಳಿಗಿ, ಬದನಿಕಾಯಿ ಪಲ್ಯ, ರೊಟ್ಟಿ ಮಾಡಿ ಕಟ್ಟಿದ್ದಳು. ದೇವಿಗೆ ನೈವೇದ್ಯ ಮಾಡಿ ಬಂದು ಗಾಡಿ ನೆಳ್ಳಿಗೆ ಕುಂತೆವು. ಎದುರಿಗೆ ಐದು ಮಂದಿ ಮುದುಕರು ಮುದುಕ್ಯಾರು ಕುಂತಿದ್ದರು, ಕೈಯಾಗ ಖಾಲಿ ತಾಟು. ನನ್ನ ನಾಲಿಗಿ ತುದಿಗೆ "ಬರ್ರಿ" ಬಂದು ನಿಂತಿತು. ಅದನ್ನ ನುಂಗಿ ಸೊಸಿ ಕಡೆ ತಿರುಗಿ, "ಎಷ್ಟು ಮಂದಿಗೆ ಆದೀತವ್ವಾ?" ಅಂತ ಕೇಳಿದೆ. ಆಕಿ ನನ್ನ ಮುಖ ನೋಡಿದಳು. ಇಷ್ಟು ವರ್ಷದಾಗ ನಾನು ಹಂಗ ಕೇಳಿದ್ದು ಮೊದಲು ಅಂತ ಆಮ್ಯಾಲೆ ಹೆಂಡತಿ ಅಂದಳು. ಸೊಸಿ ಬುಟ್ಟಿಯೊಳಗ ಕೈ ಆಡಿಸಿ, "ನಾಲ್ಕು ಮಂದಿಗೆ ಆಗತದ ಮಾವಾರ" ಅಂದಳು.

ನಾಲ್ಕು ಮಂದಿಯನ್ನ ಕರೆದೆ. ಐದನೇದ್ದು ಒಬ್ಬಾಕಿ ಮುದುಕಿ. ತನ್ನನ್ನ ಕರೀಲಿಲ್ಲ ಅಂತ ಗೊತ್ತಾಗಿ ಬ್ಯಾರೆ ಕಡೆ ಮುಖ ಮಾಡಿ ಕುಂತಳು. ಅಪ್ಪ ಇದ್ದಿದ್ದರ ಆ ಮುದುಕಿ ಹಂಗ ಕುಂದರತಿರಲಿಲ್ಲ. ಇಷ್ಟು ವರ್ಷ ವಿಚಾರ ಮಾಡಿ ನಾನು ಕಲಿತದ್ದು ಒಬ್ಬಾಕಿಯನ್ನ ಹಸಿದು ಕೂಡಿಸೂದನ್ನೇನು ಅಂತ ನನಗೆ ತುತ್ತು ಎತ್ತಾಕ ಆಗಲಿಲ್ಲ.

ಆಗ ಸೊಸಿ ತಾನೇ ಎದ್ದು ಹೋಗಿ, "ಆಯಿ, ಬಾ, ನನ್ನ ಜೋಡಿ ಉಣ್ಣು" ಅಂತ ಕೈ ಹಿಡಿದು ಕರಕೊಂಡು ಬಂದಳು. ನಮ್ಮೆಲ್ಲರ ಎದುರಿಗೇ, ಬೆನ್ನು ತಿರುವದೆ, ಇಬ್ಬರೂ ಒಂದೇ ತಾಟಿನಾಗ ಉಂಡರು. ಹೋಳಿಗಿ ಒಂದನ್ನ ಮುರಿದು ಅರ್ಧರ್ಧ. ಮುದುಕಿ ಎದ್ದು ಹೋಗುವಾಗ ನನ್ನ ಕಡೆ ನೋಡಲಿಲ್ಲ, ಸೊಸಿಯ ಗಲ್ಲ ಸವರಿ ನೆಟಿಗಿ ಮುರಿದಳು.

ಮೊಮ್ಮಗ ಇನ್ನೊಂದು ಹೋಳಿಗಿ ಬೇಕು ಅಂದ. "ಮುಗದಾವಪ್ಪಾ" ಅಂದಳು ಅವನವ್ವ. ನಾನು ಬುಟ್ಟಿ ಹತ್ತಿರಕ್ಕ ಎಳಕೊಂಡು ಬಗ್ಗಿಸಿ ನೋಡಿದೆ. ಖರೇನ ಮುಗಿದಿದ್ದವು.